ಮೂರು ನಿಮಿಷಗಳ ಮಾತು: ಉದ್ಯಮಿಗಳಿಗೆ ಸಭಾಭಾಷಣದ ಮೊದಲ ಪಾಠ

ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ ವರ್ತಕನಿಗೆ ಮಾತು ಬಾರದೆಂದು ಯಾರೂ ಹೇಳಲಾರರು. ಬೆಳಗಿನಿಂದ ರಾತ್ರಿಯವರೆಗೆ ಗಿರಾಕಿಗಳೊಡನೆ, ದಲಾಲರೊಡನೆ, ಲಾರಿ ಚಾಲಕರೊಡನೆ, ಬ್ಯಾಂಕಿನ ವ್ಯವಸ್ಥಾಪಕರೊಡನೆ ಆತನು ಮಾತಿನ ಬಲದಿಂದಲೇ ವ್ಯವಹಾರ ನಡೆಸುತ್ತಾನೆ. ಸಣ್ಣ ಕಾರ್ಖಾನೆಯ ಮಾಲೀಕನೂ ಹಾಗೆಯೇ. ಯಂತ್ರದ ಸದ್ದಿನ ನಡುವೆ ನಿಂತು ಕೆಲಸಗಾರರಿಗೆ ವಿವರಿಸುವಾಗ ಆತನ ಮಾತಿನಲ್ಲಿ ಒಂದು ಪದವೂ ವ್ಯರ್ಥವಾಗುವುದಿಲ್ಲ. ಆದರೆ ಅದೇ ವ್ಯಕ್ತಿಯನ್ನು ಐವತ್ತು ಜನರ ಸಭೆಯಲ್ಲಿ ಧ್ವನಿವರ್ಧಕದ ಮುಂದೆ ನಿಲ್ಲಿಸಿದರೆ ಬಾಯಿ ಒಣಗುತ್ತದೆ, ಕೈಯಲ್ಲಿನ ಕಾಗದ ನಡುಗುತ್ತದೆ, ತಾನು ಹೇಳಬೇಕಾದುದೇ ಮರೆತುಹೋಗುತ್ತದೆ. ಅನೇಕರು ಆ ಸಂದರ್ಭವೇ ಬಾರದಂತೆ ಹಿಂದಿನ ಸಾಲಿನಲ್ಲಿ ಕುಳಿತು, "ನನ್ನ ಪರವಾಗಿಯೂ ನೀವೇ ಹೇಳಿಬಿಡಿ" ಎಂದು ಪಕ್ಕದವರಿಗೆ ಒಪ್ಪಿಸಿ ಸುಮ್ಮನಾಗುತ್ತಾರೆ.

ಪ್ರಸ್ತುತ ಪಾಠವು ಅಂಥ ಸದಸ್ಯ ಬಂಧುಗಳಿಗಾಗಿ. ಒಂದು ಗಂಟೆ ಕಾಲ ಸಭಿಕರನ್ನು ರಂಜಿಸುವ ವಾಗ್ಮಿಗಳನ್ನು ತಯಾರಿಸುವುದು ಇದರ ಉದ್ದೇಶವಲ್ಲ. ಒಬ್ಬ ವರ್ತಕನು ಅಥವಾ ಸಣ್ಣ ತಯಾರಕನು ಮೂರು ನಿಮಿಷಗಳಲ್ಲಿ ಒಂದೇ ಒಂದು ವಿಷಯವನ್ನು, ಕೇಳುವವರು ಬರೆದಿಟ್ಟುಕೊಳ್ಳುವಷ್ಟು ಸ್ಪಷ್ಟವಾಗಿ ಹೇಳಿ ಕುಳಿತುಕೊಳ್ಳುವುದನ್ನು ಕಲಿತರೆ ಸಾಕು. ಉದ್ಯಮಿಗೆ ನಿಜವಾಗಿ ಬೇಕಾದ ಭಾಷಣಕಲೆ ಇಷ್ಟೇ. ಇದನ್ನು ಯಾರು ಬೇಕಾದರೂ ಕಲಿಯಬಹುದು.

ಮೌನಕ್ಕೆ ತೆರುವ ಬೆಲೆ

ಮಾತನಾಡದಿದ್ದರೆ ಆಗುವ ನಷ್ಟವೇನು ಎಂಬ ಪ್ರಶ್ನೆ ಸಹಜ. ವಿದ್ಯುತ್ ದರದ ಉದಾಹರಣೆಯನ್ನೇ ನೋಡೋಣ. 2003ರ ವಿದ್ಯುಚ್ಛಕ್ತಿ ಅಧಿನಿಯಮದ 64ನೆಯ ಪ್ರಕರಣದ ಪ್ರಕಾರ, ವಿದ್ಯುತ್ ಸರಬರಾಜು ಕಂಪನಿಯು ದರ ನಿಗದಿಗಾಗಿ ಸಲ್ಲಿಸಿದ ಅರ್ಜಿಯನ್ನು ಪ್ರಕಟಿಸಬೇಕು. ನಿಯಂತ್ರಣ ಆಯೋಗವು ಸಾರ್ವಜನಿಕರಿಂದ ಬಂದ ಸಲಹೆ ಮತ್ತು ಆಕ್ಷೇಪಣೆಗಳನ್ನು ಪರಿಶೀಲಿಸಿದ ನಂತರ, ಅರ್ಜಿ ಸ್ವೀಕರಿಸಿದ 120 ದಿನಗಳೊಳಗೆ ಆದೇಶ ನೀಡಬೇಕು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಇದಕ್ಕಾಗಿ ಸಾರ್ವಜನಿಕ ವಿಚಾರಣೆಗಳನ್ನು ನಡೆಸುತ್ತದೆ. ಆಯೋಗದ ದರ ಆದೇಶಗಳಲ್ಲಿ ಆಕ್ಷೇಪಣೆಗಳ ಸಾರಾಂಶ, ಅವುಗಳಿಗೆ ಕಂಪನಿಯು ನೀಡಿದ ಉತ್ತರ ಮತ್ತು ಆಯೋಗದ ಅಭಿಪ್ರಾಯ ದಾಖಲಾಗುತ್ತವೆ. ಅಂದರೆ ಅಲ್ಲಿ ಸ್ಪಷ್ಟವಾಗಿ ಹೇಳಿದ ಮಾತಿಗೆ ಕಂಪನಿಯು ಉತ್ತರ ಕೊಡಬೇಕಾಗುತ್ತದೆ. ಯಾರೂ ಹೇಳದ ಮಾತಿಗೆ ಉತ್ತರ ಕೊಡಬೇಕಾದ ಅಗತ್ಯವೇ ಇಲ್ಲ. ತೆರಿಗೆ ಇಲಾಖೆಯ ಸಂವಾದ ಸಭೆ, ಜಿಲ್ಲಾ ಮಟ್ಟದ ಕೈಗಾರಿಕಾ ಕುಂದುಕೊರತೆ ಸಭೆ, ನಮ್ಮದೇ ಸಂಸ್ಥೆಯ ವಾರ್ಷಿಕ ಮಹಾಸಭೆ, ಇವೆಲ್ಲಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಈ ಸತ್ಯವನ್ನು ಪ್ರಸ್ತುತ ಲೇಖಕನು ಪುಸ್ತಕದಿಂದ ಕಲಿತದ್ದಲ್ಲ. ಬಹಳ ವರ್ಷಗಳ ಹಿಂದೆ ನಮ್ಮ ಕೈಗಾರಿಕಾ ಪ್ರದೇಶದ ರಸ್ತೆ ಮತ್ತು ಚರಂಡಿಗಳ ಬಗ್ಗೆ ಅಧಿಕಾರಿಗಳು ಒಂದು ಸಭೆ ಕರೆದಿದ್ದರು. ಪ್ರತಿಯೊಬ್ಬರಿಗೂ ಐದು ನಿಮಿಷಗಳ ಅವಕಾಶವಿತ್ತು. ನಾನು ನಾಲ್ಕು ಪುಟಗಳ ಮನವಿ ಪತ್ರವನ್ನು ಬೆರಳಚ್ಚು ಮಾಡಿಸಿಕೊಂಡು ಹೋಗಿದ್ದೆ. ತಲೆಯೆತ್ತಿ ನೋಡುವ ಧೈರ್ಯವಿಲ್ಲದೆ ಅದನ್ನೇ ಓದತೊಡಗಿದೆ. ಮೊದಲ ಪುಟದಲ್ಲಿ ಗಣ್ಯರ ಸಂಬೋಧನೆಗಳೂ ಆ ಪ್ರದೇಶ ಸ್ಥಾಪನೆಯಾದ ಇತಿಹಾಸವೂ ಇದ್ದವು. ಎರಡನೆಯ ಪುಟದ ಮಧ್ಯದಲ್ಲಿ ಗಂಟೆ ಬಾರಿಸಿತು. ನನ್ನ ಕೋರಿಕೆ ಇದ್ದುದು ನಾಲ್ಕನೆಯ ಪುಟದಲ್ಲಿ.

ನನ್ನ ನಂತರ ಎದ್ದವರು ಹಿಟ್ಟಿನ ಗಿರಣಿಯ ಮಾಲೀಕರು. ಹೆಚ್ಚು ಓದಿದವರಲ್ಲ. ಅವರು ಹೇಳಿದ್ದು ಇಷ್ಟೇ: "ಸ್ವಾಮಿ, ನಮ್ಮ ಗಿರಣಿಯ ಮುಂದಿನ ಮೋರಿ ಕುಸಿದಿದೆ. ಲಾರಿ ಒಂದು ಫರ್ಲಾಂಗು ಆಚೆಗೇ ನಿಲ್ಲುತ್ತದೆ. ಮೂಟೆಗೆ ಆರು ರೂಪಾಯಿ ಹೆಚ್ಚಿಗೆ ಹಮಾಲಿ ಕೊಡುತ್ತಿದ್ದೇನೆ. ಮಳೆಗಾಲಕ್ಕೆ ಮುಂಚೆ ಮೋರಿ ಕಟ್ಟಿಸಿಕೊಡಿ." ಒಂದು ನಿಮಿಷವೂ ಆಗಿರಲಿಲ್ಲ. ಅಧಿಕಾರಿಗಳು ಗಿರಣಿ ಇರುವ ಸ್ಥಳ ಯಾವುದೆಂದು ಕೇಳಿ ಬರೆದುಕೊಂಡರು. ಆ ಮೋರಿ ಮಳೆಗಾಲಕ್ಕೆ ಮುಂಚೆಯೇ ದುರಸ್ತಿಯಾಯಿತು. ನಮ್ಮ ಸಾಲಿನ ರಸ್ತೆಗೆ ಡಾಂಬರು ಬೀಳಲು ಮತ್ತೆ ಎರಡು ವರ್ಷ ಹಿಡಿಯಿತು. ತಪ್ಪು ಅಧಿಕಾರಿಗಳದ್ದಾಗಿರಲಿಲ್ಲ. ನನಗೇನು ಬೇಕೆಂಬುದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.

ಕಾರ್ಖಾನೆದಾರನ ಮಗನೊಬ್ಬನ ನಿದರ್ಶನ

ಭಾಷಣಕಲೆ ಹುಟ್ಟಿನಿಂದ ಬರುವ ವರವೆಂದು ನಂಬಿರುವವರು ಪ್ರಾಚೀನ ಗ್ರೀಸ್ ದೇಶದ ಡೆಮಾಸ್ತನೀಸನ ಚರಿತ್ರೆಯನ್ನು ಗಮನಿಸಬೇಕು. ಕ್ರಿ.ಪೂ. 384ರಲ್ಲಿ ಅಥೆನ್ಸ್ ನಗರದಲ್ಲಿ ಹುಟ್ಟಿದ ಈತನು ಜಗತ್ತಿನ ಶ್ರೇಷ್ಠ ವಾಗ್ಮಿಗಳಲ್ಲಿ ಒಬ್ಬನೆಂದು ಹೆಸರಾದವನು. ಆದರೆ ಆತನ ತಂದೆ ಕತ್ತಿಗಳನ್ನು ಮತ್ತು ಮಂಚಗಳನ್ನು ತಯಾರಿಸುವ ಎರಡು ಕಾರ್ಖಾನೆಗಳ ಒಡೆಯನಾಗಿದ್ದನೆಂಬುದು ಅನೇಕರಿಗೆ ತಿಳಿದಿಲ್ಲ. ಡೆಮಾಸ್ತನೀಸನು ಏಳು ವರ್ಷದವನಿದ್ದಾಗ ತಂದೆ ತೀರಿಕೊಂಡನು. ಆಸ್ತಿಯನ್ನು ನೋಡಿಕೊಳ್ಳಲು ನೇಮಕವಾದ ಮೂವರು ಪಾಲಕರು ಅದನ್ನು ಹಾಳುಮಾಡಿ, ಹುಡುಗನು ಪ್ರಾಯಕ್ಕೆ ಬಂದಾಗ ಅಲ್ಪಸ್ವಲ್ಪವನ್ನಷ್ಟೇ ಕೈಗಿತ್ತರು.

ಅಥೆನ್ಸಿನ ನ್ಯಾಯಾಲಯಗಳಲ್ಲಿ ಇಂದಿನಂತೆ ವಕೀಲರು ಕಕ್ಷಿದಾರನ ಬದಲಿಗೆ ನಿಂತು ವಾದಿಸುವ ಪದ್ಧತಿ ಇರಲಿಲ್ಲ. ಫಿರ್ಯಾದುದಾರನೇ ನ್ಯಾಯದರ್ಶಿಗಳ ಮುಂದೆ ಮಾತನಾಡಬೇಕಿತ್ತು. ಇಪ್ಪತ್ತರ ಆಸುಪಾಸಿನ ಆ ತರುಣನು ಪಾಲಕರ ಪೈಕಿ ಒಬ್ಬನ ಮೇಲೆ ದಾವೆ ಹೂಡಿ ತಾನೇ ಮಾತನಾಡಿದನು. ಆ ಭಾಷಣ ಇಂದಿಗೂ ಲಭ್ಯವಿದೆ. ಅದರ ಮುಖ್ಯ ಭಾಗವು ಒಂದು ಲೆಕ್ಕಪತ್ರದಂತಿದೆ. ಕತ್ತಿ ಕಾರ್ಖಾನೆಯಲ್ಲಿ 32 ಅಥವಾ 33 ಮಂದಿ ಗುಲಾಮ ಕುಶಲಕರ್ಮಿಗಳು, ಅದರಿಂದ ವರ್ಷಕ್ಕೆ 30 ಮೈನಾ ನಿವ್ವಳ ಆದಾಯ. ಮಂಚದ ಕಾರ್ಖಾನೆಯಲ್ಲಿ 20 ಮಂದಿ, ಅದರಿಂದ 12 ಮೈನಾ. ಹೀಗೆ ಕಲಮಿನ ಮೇಲೆ ಕಲಮು ಹೇಳುತ್ತ ಹೋಗಿ, ಈ ಹಣವೆಲ್ಲ ಎಲ್ಲಿ ಹೋಯಿತೆಂದು ಆತನು ಕೇಳುತ್ತಾನೆ. ನ್ಯಾಯಾಲಯವು ಆತನ ಪರವಾಗಿ 10 ಟ್ಯಾಲೆಂಟುಗಳ ತೀರ್ಪು ನೀಡಿತು. ಒಂದು ಟ್ಯಾಲೆಂಟ್ ಎಂದರೆ 60 ಮೈನಾ. ಅದರಲ್ಲಿ ವಸೂಲಾದದ್ದು ಸ್ವಲ್ಪವೇ ಆದರೂ ಮೊಕದ್ದಮೆಯನ್ನು ಗೆದ್ದುಕೊಟ್ಟದ್ದು ಮನೆಯ ಲೆಕ್ಕದ ಪುಸ್ತಕ.

ಇದೇ ತರುಣನು ಮುಂದೆ ಪೌರಸಭೆಯಲ್ಲಿ ಮೊದಲು ಮಾತನಾಡಿದಾಗ ಜನರು ನಕ್ಕರೆಂದು ಚರಿತ್ರಕಾರ ಪ್ಲುಟಾರ್ಕ್ ಬರೆದಿದ್ದಾನೆ. ಧ್ವನಿ ಕ್ಷೀಣವಾಗಿತ್ತು, ಉಸಿರು ಸಾಲುತ್ತಿರಲಿಲ್ಲ, ವಾಕ್ಯಗಳು ಉದ್ದವಾಗಿ ಗೋಜಲಾಗುತ್ತಿದ್ದವು. ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ಮಾತನಾಡಿದ್ದು, ದಿಬ್ಬ ಹತ್ತುತ್ತ ಗಟ್ಟಿಯಾಗಿ ಪಠಿಸಿದ್ದು, ದೊಡ್ಡ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದು, ನಟನೊಬ್ಬನಿಂದ ತಿದ್ದಿಸಿಕೊಂಡಿದ್ದು, ಇವೆಲ್ಲ ಅನಂತರದ ಕಥೆ. ನಾವು ಬಾಯಲ್ಲಿ ಕಲ್ಲಿಟ್ಟುಕೊಳ್ಳಬೇಕಾಗಿಲ್ಲ. ಮೊದಲ ಭಾಷಣ ಕೆಟ್ಟದ್ದಕ್ಕೆ ಆತನು ಎರಡನೆಯದನ್ನು ಬಿಡಲಿಲ್ಲವೆಂಬುದನ್ನು ನೆನಪಿಟ್ಟರೆ ಸಾಕು.

ಅಲ್ಲಿಯ ನ್ಯಾಯಾಲಯಗಳಲ್ಲಿ ಕಾಲಮಿತಿಗಾಗಿ ನೀರುಗಡಿಯಾರವಿತ್ತು. ಮೇಲಿನ ಪಾತ್ರೆಯಿಂದ ಕೆಳಗಿನದಕ್ಕೆ ನೀರು ಹರಿದು ಮುಗಿದೊಡನೆ ಮಾತನ್ನೂ ನಿಲ್ಲಿಸಬೇಕು. ಅಥೆನ್ಸಿನ ಉತ್ಖನನದಲ್ಲಿ ದೊರೆತ ಅಂಥ ಒಂದು ಮಣ್ಣಿನ ಪಾತ್ರೆಯಲ್ಲಿ ಹಿಡಿಸುವ ನೀರು ಸುಮಾರು ಆರು ನಿಮಿಷಗಳಲ್ಲಿ ಖಾಲಿಯಾಗುತ್ತದೆ. ಕಾಲಮಿತಿಯೊಳಗೆ ಮಾತನಾಡುವ ಶಿಸ್ತು ಅಷ್ಟು ಹಳೆಯದು.

ನಮ್ಮ ನಾಡಿನಲ್ಲಿಯೂ ಈ ಪರಂಪರೆ ಇಲ್ಲದಿಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾದಾಗ ಅದರ 144 ಸದಸ್ಯರಲ್ಲಿ ಜಮೀನುದಾರರೊಂದಿಗೆ ವರ್ತಕರೂ ಇದ್ದರು. ಸರ್ಕಾರದ ಮುಂದೆ ಎದ್ದು ನಿಂತು ತಮ್ಮ ಊರಿನ ಅಹವಾಲನ್ನು ಹೇಳುವುದು ಕನ್ನಡ ನಾಡಿನ ವ್ಯಾಪಾರಸ್ಥರಿಗೆ ಹೊಸದಲ್ಲ.

ಸಭಾಕಂಪನ: ಕಾರಣ ಮತ್ತು ಪರಿಹಾರ

ಸಭೆಯಲ್ಲಿ ಎದೆ ಬಡಿದುಕೊಳ್ಳುವುದು, ಬಾಯಿ ಒಣಗುವುದು, ಕೈಕಾಲು ನಡುಗುವುದು ರೋಗವೂ ಅಲ್ಲ, ಹೇಡಿತನವೂ ಅಲ್ಲ. ಅಪಾಯ ಎದುರಾಯಿತೆಂದು ಭಾವಿಸಿದ ಶರೀರವು ಅಡ್ರಿನಲಿನ್ ಎಂಬ ರಸವನ್ನು ಸ್ರವಿಸುತ್ತದೆ. ಅದರಿಂದ ನಾಡಿಯೂ ಉಸಿರೂ ವೇಗಗೊಳ್ಳುತ್ತವೆ. ನುರಿತ ಭಾಷಣಕಾರರಿಗೂ ಇದು ಆಗುತ್ತದೆ. ಮೊದಲ ಒಂದೆರಡು ನಿಮಿಷ ಕಳೆದ ಮೇಲೆ ಸಾಮಾನ್ಯವಾಗಿ ಈ ಕಂಪನ ತಾನಾಗಿಯೇ ಇಳಿಯುತ್ತದೆ. ಆದ್ದರಿಂದ ಆ ಮೊದಲ ನಿಮಿಷವನ್ನು ದಾಟುವುದೇ ಆರಂಭಿಕರ ಮುಖ್ಯ ಸಮಸ್ಯೆ.

ಅದಕ್ಕೆ ಮೂರು ಉಪಾಯಗಳಿವೆ. ಮೊದಲನೆಯದಾಗಿ, ಸಭೆಗೆ ಅರ್ಧ ಗಂಟೆ ಮುಂಚಿತವಾಗಿ ಹೋಗಿ, ಖಾಲಿ ಸಭಾಂಗಣದಲ್ಲಿ ನೀವು ಮಾತನಾಡುವ ಸ್ಥಳದಲ್ಲಿ ಒಮ್ಮೆ ನಿಂತು ನೋಡಿರಿ. ಪರಿಚಿತ ಜಾಗದಲ್ಲಿ ಭಯ ಕಡಿಮೆ. ಎರಡನೆಯದಾಗಿ, ಹೆಸರು ಕರೆಯುವ ಮುನ್ನ ಕುಳಿತಲ್ಲಿಯೇ ನಾಲ್ಕೈದು ಬಾರಿ ಉಸಿರನ್ನು ಎಳೆದುಕೊಂಡುದಕ್ಕಿಂತ ನಿಧಾನವಾಗಿ ಹೊರಬಿಡಿರಿ. ಒಂದು ಗುಟುಕು ನೀರು ಕುಡಿಯಿರಿ. ಮೂರನೆಯದಾಗಿ, ನಿಮ್ಮ ಮೊದಲ ಎರಡು ವಾಕ್ಯಗಳನ್ನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುವಷ್ಟು ಬಾಯಿಪಾಠ ಮಾಡಿಕೊಳ್ಳಿರಿ. ಮನಸ್ಸು ತಡವರಿಸಿದರೂ ನಾಲಿಗೆ ತಡವರಿಸದಿದ್ದರೆ, ಮುಂದಿನ ಮಾತು ಹಿಂದೆಯೇ ಬರುತ್ತದೆ.

ಸಿದ್ಧತೆಯ ಐದು ಹೆಜ್ಜೆಗಳು

1. ಕೋರಿಕೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾರು, ಏನನ್ನು, ಎಂದಿನೊಳಗೆ ಮಾಡಬೇಕು ಎಂಬುದು ಆ ವಾಕ್ಯದಿಂದ ತಿಳಿಯಬೇಕು. "ವಿದ್ಯುತ್ ಸಮಸ್ಯೆಯನ್ನು ಬಗೆಹರಿಸಬೇಕು" ಎಂಬುದು ಕೋರಿಕೆಯಲ್ಲ, ಬರಿಯ ದೂರು. "ಮಾರ್ಗ ದುರಸ್ತಿಗಾಗಿ ಮಾಡುವ ವಿದ್ಯುತ್ ಕಡಿತವನ್ನು ನಮ್ಮ ವಾರದ ರಜೆಯ ದಿನಕ್ಕೆ ಇಟ್ಟುಕೊಳ್ಳಬೇಕು" ಎಂಬುದು ಕೋರಿಕೆ. ಇಂಥ ಒಂದು ವಾಕ್ಯ ದೊರೆಯುವವರೆಗೆ ಮುಂದಿನ ಹೆಜ್ಜೆ ಇಡಬಾರದು. ಎರಡು ಕೋರಿಕೆಗಳಿದ್ದರೆ ಒಂದನ್ನು ನೆರೆಯ ಉದ್ಯಮಿಗೆ ಬಿಟ್ಟುಕೊಡಿರಿ.

2. ನಿಮ್ಮದೇ ದಾಖಲೆಯಿಂದ ಒಂದು ಅಂಕಿಯನ್ನು ಆರಿಸಿಕೊಳ್ಳಿರಿ. ಪತ್ರಿಕೆಯಲ್ಲಿ ಓದಿದ ಅಂಕಿ ಅಧಿಕಾರಿಗಳಿಗೂ ಗೊತ್ತಿರುತ್ತದೆ. ನಿಮ್ಮ ಕಾರ್ಖಾನೆಯ ಅಂಕಿ ನಿಮಗೆ ಮಾತ್ರ ಗೊತ್ತು. ಒಂದು ನೋಟುಪುಸ್ತಕದಲ್ಲಿ ಒಂದು ತಿಂಗಳ ಕಾಲ ವಿದ್ಯುತ್ ಹೋದ ವೇಳೆ, ಬಂದ ವೇಳೆ ಮತ್ತು ಉತ್ಪಾದನೆ ಪುನಃ ಆರಂಭವಾದ ವೇಳೆಯನ್ನು ಬರೆಸಿಡಿರಿ. ಹೇಳುವಾಗ ಅಂಕಿಯನ್ನು ಸರಳಗೊಳಿಸಿರಿ. ಮನವಿ ಪತ್ರದಲ್ಲಿ 4,87,650 ರೂಪಾಯಿ ಎಂದಿರಲಿ; ಬಾಯಲ್ಲಿ "ಐದು ಲಕ್ಷಕ್ಕೆ ಸ್ವಲ್ಪ ಕಡಿಮೆ" ಎಂದರೆ ಸಾಕು. ಒಂದರ ಹಿಂದೆ ಒಂದರಂತೆ ಹತ್ತು ಅಂಕಿಗಳನ್ನು ಹೇಳಿದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.

3. ಕೋರಿಕೆಯನ್ನು ಮೊದಲು ಹೇಳಿರಿ. ನಾನು ಯಾರು, ನನಗೇನು ಬೇಕು, ಏಕೆ ಬೇಕು, ಕೊಟ್ಟರೆ ಏನು ಲಾಭ, ಮತ್ತೊಮ್ಮೆ ನನಗೇನು ಬೇಕು. ಮೂರು ನಿಮಿಷಗಳ ಮಾತಿಗೆ ಈ ಐದು ಅಂಗಗಳು ಸಾಕು. ಹೀಗೆ ಮಾಡಿದರೆ ಗಂಟೆ ಬೇಗ ಬಾರಿಸಿದರೂ ಕೋರಿಕೆಯು ಈಗಾಗಲೇ ಸಭೆಗೆ ತಲುಪಿರುತ್ತದೆ.

4. ಪೂರ್ತಿ ಬರೆದುಕೊಳ್ಳಿರಿ, ಆದರೆ ಪೂರ್ತಿ ಓದಬೇಡಿರಿ. ಬರೆದ ಮೇಲೆ ಅಂಚೆ ಕಾರ್ಡಿನಷ್ಟು ದೊಡ್ಡದಾದ ಒಂದು ರಟ್ಟಿನ ಮೇಲೆ ಐದು ಮುಖ್ಯ ಪದಗಳನ್ನು ಮತ್ತು ಆ ಒಂದು ಅಂಕಿಯನ್ನು ದಪ್ಪ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳಿರಿ. ದೊಡ್ಡ ಕಾಗದ ಕೈಯಲ್ಲಿ ನಡುಗುವುದು ಎಲ್ಲರಿಗೂ ಕಾಣುತ್ತದೆ, ರಟ್ಟು ನಡುಗುವುದಿಲ್ಲ. ಮೊದಲ ಮತ್ತು ಕೊನೆಯ ವಾಕ್ಯಗಳು ಮಾತ್ರ ಬಾಯಿಪಾಠವಾಗಿರಲಿ.

5. ನಿಂತು, ಗಟ್ಟಿಯಾಗಿ, ಗಡಿಯಾರ ನೋಡಿಕೊಂಡು ಅಭ್ಯಾಸ ಮಾಡಿರಿ. ಮನಸ್ಸಿನಲ್ಲಿ ಹೇಳಿಕೊಂಡದ್ದು ಅಭ್ಯಾಸವಲ್ಲ. ಮನಸ್ಸಿನಲ್ಲಿ ಒಂದು ನಿಮಿಷಕ್ಕೆ ಮುಗಿದದ್ದು ಬಾಯಲ್ಲಿ ಮೂರು ನಿಮಿಷವಾಗುತ್ತದೆ. ಮೂರು ನಿಮಿಷಗಳ ಅವಕಾಶವಿದ್ದರೆ ಎರಡೂವರೆ ನಿಮಿಷಕ್ಕೆ ಸಿದ್ಧರಾಗಿರಿ. ಮೊಬೈಲ್ ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಂಡರೆ ನಿಮ್ಮ ದೋಷಗಳನ್ನು ನೀವೇ ಗುರುತಿಸಬಹುದು.

ಭಾಷೆಯ ಬಗ್ಗೆಯೂ ಒಂದು ಮಾತು. ಮನವಿ ಪತ್ರದ ಗ್ರಾಂಥಿಕ ಕನ್ನಡ ಕಾಗದದ ಮೇಲೆ ಶೋಭಿಸುತ್ತದೆ. ಬಾಯಲ್ಲಿ ಅದು ಬಿಗಿದುಕೊಳ್ಳುತ್ತದೆ. ಹಿರಿಯರೊಬ್ಬರ ಮುಂದೆ ಗೌರವದಿಂದ ಆಡುವ ಮಾತಿನ ಕನ್ನಡವೇ ಸಭೆಗೆ ಯೋಗ್ಯವಾದದ್ದು. ಧಾರವಾಡದ ಕಡೆಯವರು ತಮ್ಮ ಕನ್ನಡದಲ್ಲಿ, ಮಂಗಳೂರಿನವರು ತಮ್ಮ ಕನ್ನಡದಲ್ಲಿ ಮಾತನಾಡಲಿ. ಮನೆಮಾತು ತುಳುವೋ ಕೊಂಕಣಿಯೋ ಉರ್ದುವೋ ಮಾರವಾಡಿಯೋ ಆಗಿರುವ ಸದಸ್ಯರು ತಮ್ಮ ಉಚ್ಚಾರಣೆಗಾಗಿ ಸಂಕೋಚ ಪಡಬೇಕಾಗಿಲ್ಲ. ಕೇಳುವವರಿಗೆ ಬೇಕಾದದ್ದು ವಿಷಯ.

ಒಂದು ಮಾದರಿ

ವಿದ್ಯುತ್ ಸರಬರಾಜಿನ ವಿಚಾರಣೆಯಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳ ತಯಾರಕನೊಬ್ಬನು ಮಾತನಾಡುತ್ತಿರುವನೆಂದು ಭಾವಿಸೋಣ. ಇದು ಕಲ್ಪಿತ ಉದಾಹರಣೆ. ಸಾಮಾನ್ಯವಾಗಿ ನಾವು ಕೇಳುವ ಆರಂಭ ಹೀಗಿರುತ್ತದೆ:

"ವೇದಿಕೆಯ ಮೇಲೆ ಆಸೀನರಾಗಿರುವ ಸಮಸ್ತ ಗಣ್ಯರೇ, ನಾನೇನು ಭಾಷಣಕಾರನಲ್ಲ, ತಪ್ಪಿದ್ದರೆ ಕ್ಷಮಿಸಬೇಕು, ನನಗೆ ಈ ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ವಿದ್ಯುತ್ ಅನ್ನುವುದು ಕೈಗಾರಿಕೆಗೆ ಜೀವಾಳ. ಇವತ್ತಿನ ದಿನಗಳಲ್ಲಿ ಸಣ್ಣ ಕೈಗಾರಿಕೆಗಳು ಬಹಳ ಕಷ್ಟದಲ್ಲಿವೆ. ಅಂದರೆ ಏನಾಗಿದೆ ಅಂದರೆ..."

ಇದರಲ್ಲಿ ಅಸತ್ಯವೇನೂ ಇಲ್ಲ. ಆದರೆ ಬರೆದುಕೊಳ್ಳುವಂಥದ್ದೂ ಏನೂ ಇಲ್ಲ. ಈಗ ಇನ್ನೊಂದನ್ನು ನೋಡೋಣ:

"ಮಾನ್ಯ ಅಧ್ಯಕ್ಷರೇ, ನಮಸ್ಕಾರ. ನಾನು ಪ್ಲಾಸ್ಟಿಕ್ ಬಿಡಿಭಾಗಗಳನ್ನು ತಯಾರಿಸುತ್ತೇನೆ. ಹನ್ನೆರಡು ಜನ ಕೆಲಸಗಾರರಿದ್ದಾರೆ. ನನ್ನ ಕೋರಿಕೆ ಒಂದೇ. ಮಾರ್ಗ ದುರಸ್ತಿಗಾಗಿ ಮಾಡುವ ವಿದ್ಯುತ್ ಕಡಿತವನ್ನು ನಮ್ಮ ವಾರದ ರಜೆಯ ದಿನಕ್ಕೆ ಇಟ್ಟುಕೊಳ್ಳಬೇಕು. ಕಾರಣ ಹೇಳುತ್ತೇನೆ. ಕರೆಂಟು ಹೋದರೆ ಯಂತ್ರದ ಬ್ಯಾರೆಲಿನಲ್ಲಿ ಕರಗಿದ ಪ್ಲಾಸ್ಟಿಕ್ ಅಲ್ಲೇ ಗಟ್ಟಿಯಾಗುತ್ತದೆ. ಕರೆಂಟು ಬಂದ ಮೇಲೆ ಮತ್ತೆ ಕಾಯಿಸಿ, ಹಾಳಾದ ಮಾಲನ್ನು ಹೊರಹಾಕಿ, ಆಮೇಲೆ ಕೆಲಸ ಶುರು ಮಾಡಬೇಕು. ಹತ್ತು ನಿಮಿಷದ ಕಡಿತ ನನಗೆ ಐವತ್ತು ನಿಮಿಷದ ನಷ್ಟ. ಕಳೆದ ತಿಂಗಳು ವಾರಕ್ಕೆ ಆರು ಸಲ ಹೀಗಾಯಿತು. ತಿಂಗಳಿಗೆ ಇಪ್ಪತ್ತು ಗಂಟೆ, ಅಂದರೆ ಎರಡೂವರೆ ದಿನದ ಪಾಳಿ. ಆ ದಿನಗಳ ಕೂಲಿಯನ್ನು ನಾನು ಕೊಟ್ಟಿದ್ದೇನೆ, ಮಾಲು ಮಾತ್ರ ಬರಲಿಲ್ಲ. ರಜೆಯ ದಿನ ದುರಸ್ತಿ ಮಾಡಿದರೆ ಕಂಪನಿಗೆ ಹೆಚ್ಚಿನ ಖರ್ಚು ಅಷ್ಟಾಗಿ ಇಲ್ಲ, ನಮಗೆ ಇಪ್ಪತ್ತು ಗಂಟೆ ಉಳಿಯುತ್ತದೆ. ವೇಳೆಯ ದಾಖಲೆಯನ್ನು ಮನವಿಯ ಜೊತೆ ಲಗತ್ತಿಸಿದ್ದೇನೆ. ದುರಸ್ತಿ ರಜೆಯ ದಿನ ಆಗಲಿ ಎಂಬುದಷ್ಟೇ ನನ್ನ ಕೋರಿಕೆ. ಧನ್ಯವಾದಗಳು."

ಇದನ್ನು ಗಟ್ಟಿಯಾಗಿ ಓದಿದರೆ ಎರಡು ನಿಮಿಷವೂ ಬೇಕಾಗುವುದಿಲ್ಲ. ಇದರಲ್ಲಿ ಅಲಂಕಾರವಿಲ್ಲ, ಗಾದೆಯಿಲ್ಲ, ರೋಷವೂ ಇಲ್ಲ. ಆದರೆ "ಹತ್ತು ನಿಮಿಷದ ಕಡಿತ, ಐವತ್ತು ನಿಮಿಷದ ನಷ್ಟ" ಎಂಬ ಮಾತು ಸಭೆ ಮುಗಿದ ಮೇಲೂ ನೆನಪಿರುತ್ತದೆ. ಆ ವಾಕ್ಯವನ್ನು ಕಟ್ಟಿಕೊಟ್ಟದ್ದು ಯಂತ್ರದ ಬಳಿ ಇಟ್ಟ ನೋಟುಪುಸ್ತಕ. ದುರಸ್ತಿಯ ಕಡಿತ ಎಷ್ಟು ಬಾರಿ, ಅನಿರೀಕ್ಷಿತ ಕಡಿತ ಎಷ್ಟು ಬಾರಿ ಎಂಬುದನ್ನು ಅದೇ ಪುಸ್ತಕದಲ್ಲಿ ಬೇರ್ಪಡಿಸಿ ಬರೆದಿಡುವುದು ಅವಶ್ಯಕ. ಕಂಪನಿಯವರು ಮೊದಲು ಕೇಳುವ ಪ್ರಶ್ನೆ ಅದೇ ಆಗಿರುತ್ತದೆ.

ವೇದಿಕೆಯಲ್ಲಿ ಪಾಲಿಸಬೇಕಾದ ಕ್ರಮ

ಧ್ವನಿವರ್ಧಕದ ಎತ್ತರವು ಹಿಂದಿನ ಭಾಷಣಕಾರರಿಗೆ ಸರಿಹೊಂದುವಂತಿರುತ್ತದೆ. ಮಾತು ಆರಂಭಿಸುವ ಮುನ್ನ ಅದನ್ನು ನಿಮ್ಮ ಬಾಯಿಯ ಮಟ್ಟಕ್ಕೆ ಇಳಿಸಿಕೊಳ್ಳಲು ಅಥವಾ ಏರಿಸಿಕೊಳ್ಳಲು ಸಂಕೋಚ ಬೇಡ. ಬಾಯಿಗೂ ಅದಕ್ಕೂ ಅರ್ಧ ಗೇಣಿನಷ್ಟು ಅಂತರವಿರಲಿ. ಬೆರಳಿನಿಂದ ಬಡಿಯುವುದು, ಊದುವುದು, "ಹಲೋ ಹಲೋ" ಎನ್ನುವುದು ಬೇಡ.

ಸಂಬೋಧನೆ ಚಿಕ್ಕದಾಗಿರಲಿ. ವೇದಿಕೆಯ ಮೇಲಿರುವ ಹತ್ತು ಮಂದಿಯ ಹೆಸರು ಮತ್ತು ಪದವಿಗಳನ್ನು ಹೇಳಿದರೆ ಒಂದು ನಿಮಿಷ ಕಳೆದಿರುತ್ತದೆ, ಹನ್ನೊಂದನೆಯವರಿಗೆ ಬೇಸರವೂ ಆಗಿರುತ್ತದೆ. "ಮಾನ್ಯ ಅಧ್ಯಕ್ಷರೇ, ಸಭೆಯಲ್ಲಿರುವ ಎಲ್ಲ ಹಿರಿಯರೇ" ಎಂದರೆ ಯಾರಿಗೂ ಅಗೌರವವಾಗದು.

ಸಭೆಯ ಎಡ, ಬಲ ಮತ್ತು ಮಧ್ಯಭಾಗಗಳಲ್ಲಿ ಒಬ್ಬೊಬ್ಬರನ್ನು ಗುರುತಿಸಿಕೊಂಡು, ಒಂದೊಂದು ವಾಕ್ಯವನ್ನು ಒಬ್ಬೊಬ್ಬರಿಗೆ ಹೇಳಿರಿ. ಗಿರಾಕಿಯೊಬ್ಬನಿಗೆ ಹೇಳುವ ಮಾತು ನಿಮಗೆ ಕಷ್ಟವಲ್ಲ. ಸಭೆಯೆಂದರೆ ಒಟ್ಟಿಗೆ ಕುಳಿತ ಹಲವು ಗಿರಾಕಿಗಳು. ಮುಖ್ಯವಾದ ಅಂಕಿಯನ್ನು ಹೇಳಿದೊಡನೆ ಒಂದು ಕ್ಷಣ ನಿಲ್ಲಿಸಿರಿ. ಬರೆದುಕೊಳ್ಳುವವರಿಗೆ ಆ ವೇಳೆ ಬೇಕು. "ಅಂದರೆ", "ಏನಪ್ಪಾ ಅಂದರೆ" ಎಂಬ ಮಾತುಗಳು ಬಾಯಿಗೆ ಬಂದಾಗ ಅವುಗಳ ಬದಲಿಗೂ ಮೌನವನ್ನೇ ಬಳಸಿರಿ.

ಮಧ್ಯದಲ್ಲಿ ಮರೆತುಹೋದರೆ ಗಾಬರಿ ಬೇಡ. ಕೈಯಲ್ಲಿರುವ ರಟ್ಟನ್ನು ನೋಡಿಕೊಳ್ಳಿರಿ. ಆಗಲೂ ನೆನಪಾಗದಿದ್ದರೆ ಕೋರಿಕೆಯ ವಾಕ್ಯವನ್ನು ಮತ್ತೊಮ್ಮೆ ಹೇಳಿ ಕುಳಿತುಕೊಳ್ಳಿರಿ. ನೀವು ಏನು ಬಿಟ್ಟಿರೆಂಬುದು ನಿಮ್ಮನ್ನು ಬಿಟ್ಟರೆ ಬೇರೆ ಯಾರಿಗೂ ತಿಳಿಯುವುದಿಲ್ಲ. "ಕೊನೆಯದಾಗಿ ಎರಡು ಮಾತು" ಎಂದ ಮೇಲೆ ಎರಡೇ ಮಾತು ಹೇಳಬೇಕು. ಆ ಮಾತನ್ನು ಉಳಿಸಿಕೊಂಡ ಭಾಷಣಕಾರನನ್ನು ಸಭೆಯು ಮುಂದಿನ ಬಾರಿಯೂ ಕೇಳುತ್ತದೆ.

ಪ್ರಶ್ನೆಗಳು ಬಂದರೆ ಅದನ್ನು ವಿರೋಧವೆಂದು ಭಾವಿಸಬಾರದು. ನಿಮ್ಮ ಮಾತನ್ನು ಕೇಳಿದ್ದಾರೆಂಬುದಕ್ಕೆ ಅದೇ ಸಾಕ್ಷಿ. ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿ, ತಿಳಿದಷ್ಟನ್ನೇ ಹೇಳಿರಿ. ತಿಳಿಯದಿದ್ದರೆ "ಆ ವಿವರ ಈಗ ನನ್ನ ಬಳಿ ಇಲ್ಲ, ನಾಳೆ ಬರವಣಿಗೆಯಲ್ಲಿ ಸಲ್ಲಿಸುತ್ತೇನೆ" ಎನ್ನುವುದು ಗೌರವದ ಉತ್ತರ. ಹಾಗೆಂದ ಮೇಲೆ ಸಲ್ಲಿಸಲೇಬೇಕು. ಮಾತಿನ ಜೊತೆಗೆ ಲಿಖಿತ ಮನವಿಯೂ ಇರಬೇಕೆಂಬುದನ್ನು ಮರೆಯಬಾರದು. ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನಾಂಕ ಮತ್ತು ವಿಧಾನವು ಪ್ರಕಟಣೆಯಲ್ಲಿಯೇ ಇರುತ್ತದೆ. ವಿವರಗಳಿಗೆ ಸ್ಥಳ ಕಾಗದ. ಆ ಕಾಗದವನ್ನು ಓದುವಂತೆ ಮಾಡುವುದು ಮಾತಿನ ಕೆಲಸ.

ಎಂಟು ವಾರಗಳ ಅಭ್ಯಾಸ

ಈಜುವುದನ್ನು ದಡದಲ್ಲಿ ಕುಳಿತು ಕಲಿಯಲಾಗದು. ಆದರೆ ಮೊದಲ ದಿನವೇ ಆಳಕ್ಕೆ ಇಳಿಯಬೇಕಾಗಿಯೂ ಇಲ್ಲ. ದಿನಕ್ಕೆ ಹತ್ತು ನಿಮಿಷ ಮೀಸಲಿಡಬಲ್ಲವರಿಗೆ ಈ ಕ್ರಮ ಅನುಕೂಲವಾದೀತು.

ಮೊದಲ ವಾರ: ದಿನಪತ್ರಿಕೆಯ ವಾಣಿಜ್ಯ ಪುಟವನ್ನು ದಿನವೂ ಐದು ನಿಮಿಷ ನಿಂತು ಗಟ್ಟಿಯಾಗಿ ಓದುವುದು.
ಎರಡನೆಯ ವಾರ: ನಿಮ್ಮ ಹೆಸರು, ಊರು, ಉದ್ಯಮಗಳ ಪರಿಚಯವನ್ನು ಒಂದು ನಿಮಿಷಕ್ಕೆ ಹೊಂದಿಸಿ ಧ್ವನಿಮುದ್ರಿಸುವುದು.
ಮೂರನೆಯ ವಾರ: ನಿಮ್ಮ ಒಂದು ಉತ್ಪನ್ನವನ್ನು, ಅದರ ಬಗ್ಗೆ ಏನೂ ತಿಳಿಯದ ಮನೆಯವರೊಬ್ಬರಿಗೆ ಎರಡು ನಿಮಿಷಗಳಲ್ಲಿ ವಿವರಿಸುವುದು. ಅವರು ಅದನ್ನು ತಿರುಗಿ ಹೇಳಬಲ್ಲರೇ ಎಂದು ಪರೀಕ್ಷಿಸುವುದು.
ನಾಲ್ಕನೆಯ ವಾರ: ಬೆಳಗಿನ ಪಾಳಿ ಆರಂಭವಾಗುವ ಮುನ್ನ ಕೆಲಸಗಾರರನ್ನು ಸೇರಿಸಿ, ಆ ದಿನದ ಕೆಲಸ ಅಥವಾ ಸುರಕ್ಷತೆಯ ಬಗ್ಗೆ ಮೂರು ನಿಮಿಷ ಮಾತನಾಡುವುದು.
ಐದನೆಯ ವಾರ: ಮೂವರು ನಾಲ್ವರು ಸ್ನೇಹಿತರು ಸೇರಿ, ಚೀಟಿಯಲ್ಲಿ ಬಂದ ವಿಷಯದ ಮೇಲೆ ಒಂದೊಂದು ನಿಮಿಷ ಮಾತನಾಡುವುದು.
ಆರನೆಯ ವಾರ: ಯಾವುದಾದರೂ ಸಭೆಯಲ್ಲಿ ಸ್ವಾಗತ ಅಥವಾ ವಂದನಾರ್ಪಣೆಯ ಹೊಣೆಯನ್ನು ಕೇಳಿ ಪಡೆಯುವುದು.
ಏಳನೆಯ ವಾರ: ವಿಚಾರ ಸಂಕಿರಣದಲ್ಲಿ ಎದ್ದು ನಿಂತು, ಹೆಸರು ಹೇಳಿ, ಒಂದು ಪ್ರಶ್ನೆ ಕೇಳುವುದು.
ಎಂಟನೆಯ ವಾರ: ನಿಮ್ಮ ಉದ್ಯಮದ ಒಂದು ಸಮಸ್ಯೆಯ ಮೇಲೆ ಮೂರು ನಿಮಿಷಗಳ ಮಾತನ್ನು ನಿಜವಾದ ಸಭೆಯೊಂದರಲ್ಲಿ ಮಂಡಿಸುವುದು.

ಒಂಟಿಯಾಗಿ ಅಭ್ಯಾಸ ಮಾಡುವುದಕ್ಕಿಂತ ಕೂಟದಲ್ಲಿ ಕಲಿಯುವುದು ಸುಲಭ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸಾಂತಾ ಆನಾ ಎಂಬ ಊರಿನಲ್ಲಿ ರಾಲ್ಫ್ ಸ್ಮೆಡ್ಲಿ ಎಂಬುವರು ಆರಂಭಿಸಿದ ಟೋಸ್ಟ್‌ಮಾಸ್ಟರ್ಸ್ ಕೂಟಗಳು ಇಂದು ಕರ್ನಾಟಕದ ನಗರಗಳಲ್ಲಿಯೂ ಇವೆ. ಅಲ್ಲಿ ಪ್ರತಿ ಭಾಷಣಕ್ಕೂ ಹಸಿರು, ಹಳದಿ, ಕೆಂಪು ಬಣ್ಣಗಳ ಮೂಲಕ ವೇಳೆ ಸೂಚಿಸುತ್ತಾರೆ. ಪ್ರತಿ ಭಾಷಣಕಾರನ ಮಾತನ್ನು ಇನ್ನೊಬ್ಬ ಸದಸ್ಯನು ವಿಮರ್ಶಿಸುತ್ತಾನೆ. ವ್ಯರ್ಥ ಪದಗಳನ್ನು ಎಣಿಸಲು ಒಬ್ಬರು ಬೇರೆಯೇ ಇರುತ್ತಾರೆ. ನಮ್ಮ ಅನೇಕ ಊರುಗಳಲ್ಲಿರುವ ಜೇಸಿ ಘಟಕಗಳೂ ಭಾಷಣಕಲೆಯ ತರಬೇತಿಗೆ ಹೆಸರಾಗಿವೆ. ಅಲ್ಲಿಗೆ ಹೋಗಲು ಬಿಡುವಿಲ್ಲದವರು ತಮ್ಮ ವರ್ತಕರ ಸಂಘದ ಮಾಸಿಕ ಸಭೆಯಲ್ಲಿಯೇ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಬಹುದು. ತಿಂಗಳಿಗೆ ಐವರು ಹೊಸ ಸದಸ್ಯರು ತಲಾ ಮೂರು ನಿಮಿಷ ಮಾತನಾಡಲಿ, ಅನುಭವಿಗಳು ಒಂದು ಗುಣ ಮತ್ತು ಒಂದೇ ಒಂದು ದೋಷವನ್ನು ತಿಳಿಸಲಿ. ವರ್ಷದ ಕೊನೆಗೆ ಅರವತ್ತು ಮಂದಿ ಮಾತನಾಡಿರುತ್ತಾರೆ. ಇದಕ್ಕೆ ಬೇಕಾಗುವುದು ಒಂದು ಗಡಿಯಾರ ಮತ್ತು ಒಂದು ಗಂಟೆ ಮಾತ್ರ.

ಪದಾಧಿಕಾರಿಗಳು ಎಲ್ಲ ಸದಸ್ಯರ ಪರವಾಗಿ ಮಾತನಾಡುತ್ತಾರೆಂಬುದು ನಿಜ. ಆದರೆ ಗಿರಣಿಯ ಮುಂದಿನ ಮೋರಿ ಕುಸಿದಿರುವುದು, ಯಂತ್ರದಲ್ಲಿ ಮಾಲು ಗಟ್ಟಿಯಾಗಿರುವುದು ಅವರಿಗೆ ಹೇಗೆ ತಿಳಿದೀತು? ಅದನ್ನು ಬಲ್ಲವರು ನೀವು. ನೀವು ಹೇಳದಿದ್ದರೆ ಅದು ಯಾವ ಆದೇಶದಲ್ಲಿಯೂ ದಾಖಲಾಗುವುದಿಲ್ಲ. ಆದ್ದರಿಂದ ಮುಂದಿನ ಸಭೆಯ ಆಹ್ವಾನ ಪತ್ರ ಕೈಗೆ ಬಂದಾಗ, ಅದರ ಹಿಂಬದಿಯಲ್ಲಿಯೇ ನಿಮ್ಮ ಕೋರಿಕೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಂಡು ಬನ್ನಿರಿ. ಹಿಂದಿನ ಸಾಲನ್ನು ಬಿಟ್ಟು ಎರಡನೆಯ ಸಾಲಿನಲ್ಲಿ ಕುಳಿತುಕೊಳ್ಳಿರಿ. ಅಧ್ಯಕ್ಷರು "ಬೇರೆ ಯಾರಾದರೂ ಮಾತನಾಡುವವರಿದ್ದೀರಾ?" ಎಂದು ಕೇಳಿದಾಗ ಕೈ ಎತ್ತಿರಿ.